ಹಾಳಾದ ಹಲಗೆಯನ್ನು ಓದುವುದು: ಮನೆಯ ಸಿಎನ್‌ಸಿ ಕೆತ್ತನೆ ಯಂತ್ರದಲ್ಲಿ ಅಕ್ಷ ಜಾರಿದಾಗ

ಮರದ ಹಲಗೆಯ ಮೇಲೆ ಬಳ್ಳಿಯನ್ನೋ ನವಿಲನ್ನೋ ಕೆತ್ತುತ್ತಿರುವ ಸಿಎನ್‌ಸಿ ಯಂತ್ರವು ಅರ್ಧ ಕೆಲಸವನ್ನು ಸರಿಯಾಗಿಯೇ ಮಾಡಿ, ಯಾವುದೋ ಒಂದು ಗಳಿಗೆಯಲ್ಲಿ ಎರಡು ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿದು, ಮಿಕ್ಕ ಚಿತ್ರವನ್ನೆಲ್ಲ ಆ ಸರಿದ ಜಾಗದಿಂದಲೇ ಮುಂದುವರಿಸಿಬಿಡುವ ದೋಷವನ್ನು ಅಕ್ಷ ಜಾರುವಿಕೆ ಎನ್ನುತ್ತಾರೆ. ಕಂಪ್ಯೂಟರು ಕಳಿಸುವ ಅಂಕಿಗಳ ಆಜ್ಞೆಯಂತೆ ಚಲಿಸುವ ಈ ಯಂತ್ರದಲ್ಲಿ ಎಡ–ಬಲದ ಚಲನೆ ಎಕ್ಸ್ ಅಕ್ಷ, ಹಿಂದು–ಮುಂದಿನದು ವೈ ಅಕ್ಷ, ಮೇಲು–ಕೆಳಗಿನದು ಝಡ್ ಅಕ್ಷ. ಪ್ರತಿ ಅಕ್ಷವನ್ನೂ ನಡೆಸುವುದು ಸ್ಟೆಪರ್ ಮೋಟಾರ್. ಒಂದು ಸುತ್ತನ್ನು ಸಾಮಾನ್ಯವಾಗಿ 200 ಹೆಜ್ಜೆಗಳಾಗಿ, ಅಂದರೆ ಹೆಜ್ಜೆಗೆ 1.8 ಡಿಗ್ರಿಯಂತೆ ಹಂಚಿಕೊಂಡು ತಿರುಗುವ ಈ ಮೋಟಾರಿಗೆ ನಿಯಂತ್ರಕ ಫಲಕವು ‘ಇಷ್ಟು ಹೆಜ್ಜೆ ಹಾಕು’ ಎಂದು ವಿದ್ಯುತ್ ಸ್ಪಂದನಗಳನ್ನು ಕಳಿಸುತ್ತದೆಯೇ ಹೊರತು, ಆ ಹೆಜ್ಜೆಗಳು ನಿಜವಾಗಿ ಬಿದ್ದವೇ ಎಂದು ಮರಳಿ ಕೇಳುವುದಿಲ್ಲ. ಕಾರ್ಖಾನೆಯ ದೊಡ್ಡ ಯಂತ್ರಗಳಲ್ಲಿ ಮೋಟಾರಿನ ಹಿಂಬದಿಗೆ ಎನ್‌ಕೋಡರ್ ಎಂಬ ಎಣಿಕೆಯ ಸಾಧನವಿದ್ದು, ತಪ್ಪಿದ ಹೆಜ್ಜೆಯನ್ನು ಅದು ಕೂಡಲೇ ವರದಿ ಮಾಡುತ್ತದೆ. ಮನೆಯ ಯಂತ್ರಕ್ಕೆ ಆ ಅನುಕೂಲವಿಲ್ಲದ ಕಾರಣ, ಹೆಜ್ಜೆ ತಪ್ಪಿದರೂ ತಾನು ಸರಿಯಾದ ಸ್ಥಳದಲ್ಲಿಯೇ ಇರುವೆನೆಂದು ನಂಬಿ ಅದು ಕೆಲಸ ಮುಗಿಸುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಊರುಗಳಲ್ಲಿ ಈ ದೋಷದ ಪರಿಹಾರಕ್ಕೆ ಇನ್ನೊಂದು ತೊಡಕಿದೆ. ಮೈಸೂರು ಎರಡು ಊರುಗಳಿಂದಲೂ ಸುಮಾರು 60 ಕಿಲೋಮೀಟರ್ ದೂರ. ಸಣ್ಣ ಕಪ್ಲಿಂಗ್, ಡ್ರೈವರ್, ಬೆಲ್ಟುಗಳು ಧಾರಾಳವಾಗಿ ಸಿಗುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಅಂಚೆ, ಕೊರಿಯರ್ ಮೂಲಕ. ಅನುಮಾನ ಬಂದ ಭಾಗವನ್ನೆಲ್ಲ ಒಂದೊಂದಾಗಿ ತರಿಸಿ ಬದಲಾಯಿಸುತ್ತ ಹೋಗುವ ರೂಢಿ ಇಲ್ಲಿ ಹಣವನ್ನೂ ವಾರಗಳನ್ನೂ ತಿನ್ನುತ್ತದೆ. ಆದ್ದರಿಂದ ಭಾಗ ಬದಲಾಯಿಸುವ ಮೊದಲು ಕಾರಣವನ್ನು ಖಚಿತಪಡಿಸಿಕೊಳ್ಳುವುದೇ ಮುಖ್ಯ ಕೆಲಸ, ಮತ್ತು ಅದಕ್ಕೆ ಬೇಕಾದ ಪುರಾವೆಯ ಬಹುಪಾಲು ಹಾಳಾದ ಹಲಗೆಯಲ್ಲಿಯೇ ಇರುತ್ತದೆ. ಸಿಟ್ಟಿನಿಂದ ಆ ಹಲಗೆಯನ್ನು ಸೌದೆಗೆ ಹಾಕುವವರು ತಮ್ಮ ಅತ್ಯುತ್ತಮ ಸಾಕ್ಷಿಯನ್ನು ಸುಟ್ಟುಹಾಕುತ್ತಾರೆ.

ಜಾರುವಿಕೆಯಂತೆ ಕಾಣುವ ಬೇರೆ ದೋಷಗಳು

ಹಲಗೆಯನ್ನು ಬೆಳಕಿಗೆ ಹಿಡಿದು ಮೊದಲು ನೋಡಬೇಕಾದದ್ದು, ಇದು ಜಾರುವಿಕೆಯೇ ಅಥವಾ ಅದರ ವೇಷದ ಬೇರೆ ತೊಂದರೆಯೇ ಎಂಬುದನ್ನು. ವೃತ್ತಗಳೆಲ್ಲ ಒಂದೇ ಬಗೆಯಲ್ಲಿ ತುಸು ಚಪ್ಪಟೆಯಾಗಿ, ಗೆರೆಯ ಕೊನೆ ಆರಂಭಕ್ಕೆ ಕೂದಲೆಳೆಯಷ್ಟು ತಪ್ಪಿ ಕೂಡುತ್ತಿದ್ದು, ಆ ತಪ್ಪು ಹಲಗೆಯ ಮೊದಲಿನಿಂದ ಕೊನೆಯವರೆಗೆ ಅಷ್ಟೇ ಉಳಿದಿದ್ದರೆ ಅದು ಬ್ಯಾಕ್‌ಲ್ಯಾಷ್, ಅಂದರೆ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲ. ಮೋಟಾರ್ ದಿಕ್ಕು ಬದಲಿಸಿದಾಗ ಮೊದಲು ಆ ಸಡಿಲ ತುಂಬಬೇಕಾಗುವುದರಿಂದ ಮೂಲೆಗಳಲ್ಲಿ ತಪ್ಪು ಕಾಣುತ್ತದೆ. ಆದರೆ ಅದು ಕೂಡುತ್ತ ಬೆಳೆಯುವುದಿಲ್ಲ. ಚಿತ್ರದ ಆಕಾರ ಸರಿಯಿದ್ದು ಅಳತೆ ಮಾತ್ರ 300 ಮಿಲಿಮೀಟರ್ ಬದಲು 294 ಬಂದಿದ್ದರೆ, ಮಿಲಿಮೀಟರಿಗೆ ಎಷ್ಟು ಸ್ಪಂದನ ಎಂಬ ಲೆಕ್ಕವೇ ನಿಯಂತ್ರಕದಲ್ಲಿ ತಪ್ಪಾಗಿ ದಾಖಲಾಗಿದೆ. 5 ಮಿಲಿಮೀಟರ್ ಲೀಡ್ ಇರುವ, ಅಂದರೆ ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗಿಸುವ ಬಾಲ್ ಸ್ಕ್ರೂಗೆ, ಒಂದು ಹೆಜ್ಜೆಯನ್ನು ಎಂಟು ತುಂಡು ಮಾಡುವ ಮೈಕ್ರೋಸ್ಟೆಪ್ಪಿಂಗ್ ಇದ್ದರೆ, 200ನ್ನು 8ರಿಂದ ಗುಣಿಸಿ 5ರಿಂದ ಭಾಗಿಸಿದಾಗ ಬರುವ 320 ಸರಿಯಾದ ಸಂಖ್ಯೆ. 8 ಮಿಲಿಮೀಟರ್ ಲೀಡಿನ ಸಾಮಾನ್ಯ ಲೀಡ್ ಸ್ಕ್ರೂಗೆ 200. 20 ಹಲ್ಲಿನ ಪುಲ್ಲಿಯ ಮೇಲೆ ಓಡುವ ಜಿಟಿ2 ಬೆಲ್ಟಿಗೆ 40.

ಹೊಸಬರನ್ನು ಹೆಚ್ಚು ದಾರಿ ತಪ್ಪಿಸುವುದು ಝಡ್ ಅಕ್ಷ. ಕೆತ್ತನೆ ಹೋಗುತ್ತ ಹೋಗುತ್ತ ಆಳವಾಗುತ್ತಿದ್ದರೆ ಮೋಟಾರನ್ನು ದೂರುವ ಮೊದಲು ಕಾಲೆಟ್ ನೋಡಬೇಕು. ಬಿಟ್ಟನ್ನು, ಅಂದರೆ ಮರ ಕೊರೆಯುವ ಅಲಗನ್ನು, ಹಿಡಿದಿಡುವ ಈ ಸೀಳುಬಳೆಯೊಳಗೆ ಮರದ ಪುಡಿ ಸೇರಿದ್ದರೆ ಅಥವಾ ನಟ್ಟು ಸಾಲದಷ್ಟು ಬಿಗಿಯಾಗಿದ್ದರೆ, ಪುಡಿಯನ್ನು ಮೇಲಕ್ಕೆಳೆಯುವ ಸುರುಳಿಯ ಬಿಟ್ಟು ತಾನೇ ನಿಧಾನವಾಗಿ ಕೆಳಕ್ಕೆ ಜಗ್ಗಿಕೊಂಡು ಬರುತ್ತದೆ. ಬಿಟ್ಟಿನ ಕತ್ತಿಗೂ ಕಾಲೆಟ್ಟಿಗೂ ಸೇರುವಂತೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಕೆಲಸದ ನಂತರ ಆ ಗೆರೆ ಒಡೆದಿದೆಯೇ ಎಂದು ನೋಡಿದರೆ ಸಾಕು. ಹಾಗೆಯೇ ಚಿತ್ರವು ಎಕ್ಸ್, ವೈ ಎರಡೂ ದಿಕ್ಕಿನಲ್ಲಿ ಸರಿದದ್ದಲ್ಲದೆ ಕೊಂಚ ತಿರುಗಿಯೂ ಇದ್ದರೆ ಜಾರಿರುವುದು ಹಲಗೆ. ಅಕ್ಷಗಳು ನೇರವಾಗಿ ಮಾತ್ರ ತಪ್ಪಬಲ್ಲವು, ತಿರುಗಲಾರವು. ಸರಿಯಾಗಿ ಒಣಗದ ಬೇವು ಅಥವಾ ಸಿಲ್ವರ್ ಓಕ್ ಹಲಗೆಯಾದರೆ ಒಂದು ಮುಖವನ್ನು ಕೆತ್ತುತ್ತಿದ್ದಂತೆಯೇ ಒಳಗಿನ ಬಿಗಿತ ಸಡಿಲಗೊಂಡು ನಡು ಉಬ್ಬುವುದುಂಟು. ಅದನ್ನೂ ಝಡ್ ಅಕ್ಷದ ತಪ್ಪೆಂದು ಎಣಿಸಿ ಯಂತ್ರ ಬಿಚ್ಚುವವರಿದ್ದಾರೆ.

ಎರಡು ಬಗೆಯ ಜಾರುವಿಕೆ

ನಿಜವಾದ ಜಾರುವಿಕೆ ಹಲಗೆಯ ಮೇಲೆ ಎರಡು ರೂಪಗಳಲ್ಲಿ ದಾಖಲಾಗುತ್ತದೆ. ಒಂದು ಗೆರೆಯವರೆಗೆ ಎಲ್ಲವೂ ಸರಿಯಿದ್ದು, ಅಲ್ಲಿಂದಾಚೆಗಿನ ಎಲ್ಲವೂ ಒಂದೇ ಅಳತೆಯಷ್ಟು ಸರಿದಿದ್ದರೆ ಅದು ಹಠಾತ್ ಜಾರುವಿಕೆ: ಆ ಗಳಿಗೆಯಲ್ಲಿ ಮೋಟಾರಿನ ಶಕ್ತಿಗೆ ಮೀರಿದ ತಡೆ ಎದುರಾಗಿದೆ. ಆ ಗೆರೆಯ ಬಳಿ ಮರದ ಗಂಟಿದೆಯೇ, ಬಿಟ್ಟು ಅಲ್ಲಿ ಒಮ್ಮೆಲೇ ಆಳಕ್ಕೆ ಇಳಿದಿದೆಯೇ, ಕೇಬಲ್ಲು ಅಥವಾ ಧೂಳೆಳೆಯುವ ಕೊಳವೆ ಆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಯೇ ಎಂದು ನೋಡುವುದರಿಂದಲೇ ಅನೇಕ ವೇಳೆ ಉತ್ತರ ಸಿಗುತ್ತದೆ. ಇನ್ನೊಂದು ರೂಪದಲ್ಲಿ ಯಾವುದೇ ಒಂದು ಗೆರೆಯನ್ನು ತೋರಿಸಿ ‘ಇಲ್ಲಿ ತಪ್ಪಿತು’ ಎನ್ನಲಾಗುವುದಿಲ್ಲ. ನೆಟ್ಟಗಿರಬೇಕಾದ ಅಂಚು ಓರೆಯಾಗುತ್ತ, ತಪ್ಪು ಚೂರುಚೂರಾಗಿ ಕೂಡುತ್ತ ಹೋಗಿರುತ್ತದೆ. ಸಡಿಲವಾದ ಗ್ರಬ್ ಸ್ಕ್ರೂ, ತಂತಿಗಳಲ್ಲಿ ಬೆರೆಯುವ ಬೇಡದ ಸಂಕೇತಗಳ ವಿದ್ಯುತ್ ಗದ್ದಲ, ಸ್ಪಂದನದ ಸಮಯದ ದೋಷ ಇವೆಲ್ಲ ಈ ಎರಡನೆಯ ಗುಂಪಿಗೆ ಸೇರುತ್ತವೆ.

ಈ ಓದು ಮುಗಿದ ಮೇಲೆ ಪರೀಕ್ಷೆಯ ಸರದಿ. ಬಿಟ್ಟನ್ನು ಮರಕ್ಕೆ ತಾಗಿಸದೆ ಗಾಳಿಯಲ್ಲಿಯೇ ಅದೇ ಜಿ-ಕೋಡ್ ಕಡತವನ್ನು, ಅಂದರೆ ಯಂತ್ರದ ಚಲನೆಗಳ ಆಜ್ಞಾಪಟ್ಟಿಯನ್ನು, ಪೂರ್ತಿ ಓಡಿಸಿ, ಕೊನೆಯಲ್ಲಿ ಶೂನ್ಯ ಬಿಂದುವಿಗೆ ಹಿಂದಿರುಗಿಸಬೇಕು. ಆರಂಭದ ಬಿಂದುವಿನ ಬಳಿ ಡಯಲ್ ಗೇಜ್ ನಿಲ್ಲಿಸಿದ್ದರೆ ಮಿಲಿಮೀಟರಿನ ನೂರನೆಯ ಒಂದು ಭಾಗದವರೆಗಿನ ವ್ಯತ್ಯಾಸವೂ ತಿಳಿಯುತ್ತದೆ. ಅದಿಲ್ಲದವರು ಚೂಪು ತುದಿಯ ವಿ-ಬಿಟ್ ಮತ್ತು ಪೆನ್ಸಿಲಿನಿಂದ ಎಳೆದ ಅಡ್ಡಗೆರೆಯಿಂದಲೇ ತಕ್ಕಷ್ಟು ಅಂದಾಜು ಮಾಡಬಹುದು. ಗಾಳಿಯ ಓಟದಲ್ಲಿ ಶೂನ್ಯಕ್ಕೆ ಸರಿಯಾಗಿ ಮರಳಿ, ಮರದ ಮೇಲೆ ಮಾತ್ರ ತಪ್ಪಿದರೆ ಕಾರಣ ಕೊರೆತದ ಹೊರೆ. ಗಾಳಿಯಲ್ಲಿಯೂ ತಪ್ಪಿದರೆ ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ಆರಿಸಿ ಇನ್ನೊಮ್ಮೆ ಓಡಿಸಬೇಕು. ಆಗ ಸರಿಹೋದರೆ ಸ್ಪಿಂಡಲಿನಿಂದ ಬರುವ ವಿದ್ಯುತ್ ಗದ್ದಲವನ್ನೂ, ಆಗಲೂ ತಪ್ಪಿದರೆ ಬಿಗಿತ, ಡ್ರೈವರ್ ಅಥವಾ ವೇಗದ ಹೊಂದಾಣಿಕೆಯನ್ನೂ ಶಂಕಿಸಬೇಕು. ಒಂದು ರೂಪಾಯಿ ಖರ್ಚಿಲ್ಲದ ಈ ಎರಡು ಓಟಗಳಿಂದ ಕಾರಣಗಳ ಪಟ್ಟಿ ಬಹಳ ಚಿಕ್ಕದಾಗುತ್ತದೆ.

ಗ್ರಬ್ ಸ್ಕ್ರೂವಿನಿಂದ ಆರಂಭ

ಮೋಟಾರಿನ ದಂಡವನ್ನು ಸ್ಕ್ರೂ ದಂಡಕ್ಕೆ ಜೋಡಿಸುವ ಅಲ್ಯೂಮಿನಿಯಂ ತುಂಡಿಗೆ ಕಪ್ಲಿಂಗ್ ಎನ್ನುತ್ತಾರೆ. ನೆಮಾ 17 ಅಳತೆಯ ಮೋಟಾರಿನಲ್ಲಿ ಅದರ ಒಂದು ಬದಿಯ ತೂತು ಸಾಮಾನ್ಯವಾಗಿ 5 ಮಿಲಿಮೀಟರ್, ಇನ್ನೊಂದು ಬದಿಯದು 8 ಮಿಲಿಮೀಟರ್. ದಂಡವನ್ನು ಅದುಮಿ ಹಿಡಿಯುವ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂಗಳು ಕಂಪನಕ್ಕೆ ಸಡಿಲಗೊಳ್ಳುವುದೇ ಮನೆಯ ಯಂತ್ರಗಳ ಜಾರುವಿಕೆಗೆ ಅತ್ಯಂತ ಸಾಮಾನ್ಯವಾದ, ಮತ್ತು ಎಲ್ಲರೂ ಕೊನೆಗೆ ನೋಡುವ ಕಾರಣ. ಮೋಟಾರ್ ದಂಡ, ಕಪ್ಲಿಂಗ್, ಸ್ಕ್ರೂ ದಂಡ ಈ ಮೂರರ ಮೇಲೂ ಹಾಯುವಂತೆ ಮಾರ್ಕರಿನಿಂದ ಒಂದೇ ನೇರ ಗೆರೆ ಎಳೆದು ಯಂತ್ರವನ್ನು ಹತ್ತಿಪ್ಪತ್ತು ನಿಮಿಷ ಓಡಿಸಿದರೆ, ಯಾವ ಕೂಡಿಕೆ ಜಾರಿತೆಂಬುದನ್ನು ಆ ಗೆರೆಯೇ ತೋರಿಸುತ್ತದೆ. ಜಾರಿದ್ದರೆ ದಂಡದ ಮೇಲಿನ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮೋಟಾರಿನ ದಂಡಕ್ಕೆ ಚಪ್ಪಟೆ ಮುಖವಿದ್ದರೆ ಗ್ರಬ್ ಸ್ಕ್ರೂ ಅದರ ಮೇಲೆಯೇ ಕೂರುವಂತೆ ತಿರುಗಿಸಿ, ನೀಲಿ ಬಣ್ಣದ ಥ್ರೆಡ್ ಲಾಕರಿನ ಒಂದು ಹನಿ ಹಾಕಿ, ಅಂಚು ಸವೆಯದ ಅಲನ್ ಕೀಯಿಂದ ಬಿಗಿಯಬೇಕು. ಹೊಸದನ್ನು ತರಿಸುವುದೇ ಆದರೆ ಗ್ರಬ್ ಸ್ಕ್ರೂವಿನ ಬದಲು ಸೀಳಿದ ಬದಿಯನ್ನು ಬೋಲ್ಟಿನಿಂದ ಅಪ್ಪಿಹಿಡಿಯುವ ಕ್ಲ್ಯಾಂಪ್ ಬಗೆಯ ಕಪ್ಲಿಂಗ್ ಲೇಸು.

ಬೆಲ್ಟಿನ ಯಂತ್ರಗಳಲ್ಲಿ ಇದೇ ಪಾತ್ರ ಪುಲ್ಲಿಯದು. ಪುಲ್ಲಿಯ ಗ್ರಬ್ ಸ್ಕ್ರೂ ಬಿಗಿಯಿದ್ದೂ ಹೆಜ್ಜೆ ತಪ್ಪಿದರೆ ಬೆಲ್ಟು ಹಲ್ಲು ಹಾರಿರಬಹುದು. ಜಿಟಿ2 ಬೆಲ್ಟಿನ ಹಲ್ಲುಗಳ ಅಂತರ 2 ಮಿಲಿಮೀಟರ್ ಆದ್ದರಿಂದ, ಸರಿದ ಅಳತೆ ಸರಿಯಾಗಿ 2, 4 ಅಥವಾ 6 ಮಿಲಿಮೀಟರ್ ಇದ್ದರೆ ಈ ಶಂಕೆ ಬಲವಾಗುತ್ತದೆ. ವೈ ಅಕ್ಷವನ್ನು ಎರಡೂ ಬದಿಯಿಂದ ಎರಡು ಮೋಟಾರುಗಳು ಎಳೆಯುವ ದೊಡ್ಡ ಯಂತ್ರಗಳಲ್ಲಿ ಒಂದು ಬದಿ ಮಾತ್ರ ಜಾರಿದರೆ ಮೇಲಿನ ಅಡ್ಡತೊಲೆ ಓರೆಯಾಗಿ, ಆಯತವು ವಾಲಿದ ಚೌಕಟ್ಟಾಗಿಬಿಡುತ್ತದೆ. ದಾರಂದ ಕೂಡಿಸುವ ಬಡಗಿಗಳು ಎರಡು ಕರ್ಣಗಳನ್ನು ಅಳೆದು ಮೂಲೆಮಟ್ಟ ನೋಡುವ ಕ್ರಮವೇ ಇಲ್ಲಿಯೂ ಸಾಕು: ಯಂತ್ರವೇ ಕೆತ್ತಿದ ಆಯತದ ಎರಡು ಕರ್ಣಗಳ ಅಳತೆ ಬೇರೆಯಾದರೆ ಅಡ್ಡತೊಲೆ ಓರೆಯಾಗಿದೆ.

ವಿದ್ಯುತ್ ಆರಿಸಿ ಪ್ರತಿ ಅಕ್ಷವನ್ನೂ ಕೈಯಿಂದ ಮೆಲ್ಲಗೆ ಈ ತುದಿಯಿಂದ ಆ ತುದಿಗೆ ಸಾಗಿಸಿ ನೋಡಿದಾಗ ಎಲ್ಲಿಯಾದರೂ ಬಿಗಿಯೆನಿಸಿದರೆ, ಸ್ಕ್ರೂ ಬಾಗಿದೆ ಅಥವಾ ರೈಲಿಗೆ ಸಮಾನಾಂತರವಾಗಿಲ್ಲ. ಒಂದು ತುದಿಯಲ್ಲಿ ಮಾತ್ರ ಬಿಗಿಯಿದ್ದರೆ ನಟ್ಟಿನ ಬೋಲ್ಟುಗಳನ್ನು ಸಡಿಲಿಸಿ, ಅಕ್ಷವನ್ನು ಆ ತುದಿಗೇ ಒಯ್ದು, ಅಲ್ಲಿ ನಟ್ಟು ತಾನಾಗಿ ಕುಳಿತ ಸ್ಥಾನದಲ್ಲಿ ಮತ್ತೆ ಬಿಗಿಯಬೇಕು. ಮರದ ಹೊಟ್ಟು ಗ್ರೀಸಿನೊಂದಿಗೆ ಬೆರೆತರೆ ಗಟ್ಟಿ ಅಂಟಾಗುವುದರಿಂದ ತೆರೆದ ಸ್ಕ್ರೂಗಳಿಗೆ ಒಣಗಿ ಪದರವಾಗುವ ಪಿಟಿಎಫ್‌ಇ ಲೇಪನವನ್ನೂ, ರೈಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನೂ ತೆಳ್ಳಗೆ ಬಳಸುವುದು ಒಳ್ಳೆಯದು. ಮನೆಯಲ್ಲಿ ಕೈಗೆಟುಕುವ ತೆಂಗಿನ ಎಣ್ಣೆ ಖಂಡಿತ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಮತ್ತು ನೀಲಗಿರಿಯ ಮಗ್ಗುಲಲ್ಲಿರುವ ಗುಂಡ್ಲುಪೇಟೆಯ ಮಾಗಿಯ ಮುಂಜಾನೆಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ.

ಹೊರೆ, ವೇಗ ಮತ್ತು ಮರ

ಸ್ಟೆಪರ್ ಮೋಟಾರಿನ ತಿರುಚುಬಲ ವೇಗ ಹೆಚ್ಚಿದಂತೆ ಇಳಿಯುತ್ತದೆ. ನಿಂತಲ್ಲಿ ಕೈಯಿಂದ ತಿರುಗಿಸಲಾರದಷ್ಟು ಗಟ್ಟಿಯಾಗಿರುವ ಮೋಟಾರೇ ವೇಗದ ಓಟದಲ್ಲಿ ಸಣ್ಣ ತಡೆಗೆ ಸೋಲುತ್ತದೆ. ಆದ್ದರಿಂದ ಹಠಾತ್ ಜಾರುವಿಕೆಯ ಯಂತ್ರದಲ್ಲಿ ಮೊದಲು ತಗ್ಗಿಸಬೇಕಾದದ್ದು ವೇಗವರ್ಧನೆ, ಅಂದರೆ ನಿಂತ ಸ್ಥಿತಿಯಿಂದ ಪೂರ್ಣ ವೇಗಕ್ಕೆ ಏರುವ ತೀವ್ರತೆ. ಮನೆಯ ಯಂತ್ರಗಳ ಬಹುಪಾಲಿನಲ್ಲಿ ಇರುವ ನಿಯಂತ್ರಣ ತಂತ್ರಾಂಶ, 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ ಆರಂಭಿಸಿ ಮುಕ್ತವಾಗಿ ಹಂಚಿದ ಜಿಆರ್‌ಬಿಎಲ್. ಅದರಲ್ಲಿ $100ರಿಂದ $102ರವರೆಗಿನ ಸಂಖ್ಯೆಗಳು ಮಿಲಿಮೀಟರಿಗೆ ಸ್ಪಂದನಗಳನ್ನೂ, $110ರಿಂದ $112ರವರೆಗಿನವು ನಿಮಿಷಕ್ಕೆ ಮಿಲಿಮೀಟರುಗಳಲ್ಲಿ ಗರಿಷ್ಠ ವೇಗವನ್ನೂ, $120ರಿಂದ $122ರವರೆಗಿನವು ವೇಗವರ್ಧನೆಯನ್ನೂ ಹೇಳುತ್ತವೆ. ವೇಗವರ್ಧನೆಯನ್ನು ಅರ್ಧಕ್ಕಿಳಿಸಿದಾಗ ದೋಷ ಮಾಯವಾದರೆ ಯಾವ ಭಾಗವನ್ನೂ ಕೊಳ್ಳಬೇಕಾಗಿಲ್ಲ. ಕೆತ್ತನೆಗೆ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಮರದ ಗುಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಲೆಬಾಗಿಲಿಗೆ ಎಲ್ಲರೂ ಬಯಸುವ ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಬಿಟ್ಟಿನ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಬಿಟ್ಟು ಮರವನ್ನು ಕೊಯ್ಯುವ ಬದಲು ನೂಕುತ್ತದೆ, ನೂಕಿದ ಹೊರೆಯೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಬೇವಿನಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದೇ ಹಲಗೆಯಲ್ಲಿ ತಡೆ ಏರಿಳಿಯುತ್ತದೆ. ಸುಟ್ಟ ವಾಸನೆ, ಹುಡಿಯಂತಹ ನುಣುಪು ಪುಡಿ, ಕೀರಲು ಸದ್ದು ಇವು ಮೊಂಡುತನದ ಗುರುತುಗಳು; ಆಗ ಕಾರ್ಬೈಡ್ ಬಿಟ್ಟನ್ನು ಬದಲಿಸಿ, ಒಂದು ಸುತ್ತಿನ ಆಳವನ್ನು ತಗ್ಗಿಸಬೇಕು. 3.175 ಮಿಲಿಮೀಟರ್ ಕತ್ತಿನ ಬಿಟ್ಟು ಹಿಡಿಯುವ 3018 ಮಾದರಿಯ ಪುಟ್ಟ ಯಂತ್ರದಲ್ಲಿ ಗಟ್ಟಿಮರಕ್ಕೆ ಅರ್ಧ ಮಿಲಿಮೀಟರ್ ಆಳದಿಂದ ಆರಂಭಿಸಿ, ಸದ್ದು ಕೇಳುತ್ತ ಮೆಲ್ಲಗೆ ಹೆಚ್ಚಿಸುವುದು ಸುರಕ್ಷಿತ ಕ್ರಮ.

ವಿದ್ಯುತ್ತಿನ ಕಡೆಯ ಕಾರಣಗಳು

ಮೋಟಾರಿಗೆ ಪ್ರವಾಹವನ್ನು ಅಳೆದು ಕೊಡುವ ಚಿಪ್ಪಿಗೆ ಡ್ರೈವರ್ ಎನ್ನುತ್ತಾರೆ. ಪ್ರವಾಹ ಕಡಿಮೆಯಾದರೆ ಮೋಟಾರ್ ದುರ್ಬಲವಾಗುತ್ತದೆ. ಹೆಚ್ಚಾದರೆ ಡ್ರೈವರ್ ಕಾದು, ತನ್ನನ್ನು ಕಾಪಾಡಿಕೊಳ್ಳಲು ಕ್ಷಣಕಾಲ ಆರಿ, ತಣಿದು ಮತ್ತೆ ಹೊತ್ತಿಕೊಳ್ಳುತ್ತದೆ, ಆ ನಡುವಿನ ಹೆಜ್ಜೆಗಳೆಲ್ಲ ಕಳೆದುಹೋಗುತ್ತವೆ. ಮೊದಲ ಅರ್ಧ ಗಂಟೆ ಸರಿಯಾಗಿ ನಡೆದು ಆಮೇಲೆ ಪದೇ ಪದೇ ತಪ್ಪುವ ಯಂತ್ರದಲ್ಲಿ, ಅದರಲ್ಲೂ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಾತ್ರ ಕಾಣುವ ದೋಷದಲ್ಲಿ, ಇದನ್ನೇ ಮೊದಲು ಶಂಕಿಸಬೇಕು. ಡ್ರೈವರಿನ ಪುಟ್ಟ ತಿರುಪಿನ ಬಳಿ ಮಲ್ಟಿಮೀಟರಿನಿಂದ ಅಳೆಯುವ ಉಲ್ಲೇಖ ವೋಲ್ಟೇಜು, 0.1 ಓಮ್ ರೋಧಕವಿರುವ ಎ4988ರಲ್ಲಿ ಒಂದು ಆಂಪಿಯರಿಗೆ 0.8 ವೋಲ್ಟ್, ಡಿಆರ್‌ವಿ8825ರಲ್ಲಿ 0.5 ವೋಲ್ಟ್. ಅದನ್ನು ಹೊಂದಿಸಿ, ಪೆಟ್ಟಿಗೆಗೆ ಒಂದು ಸಣ್ಣ ಫ್ಯಾನು ಅಳವಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ವಿದ್ಯುತ್ ಇರುವಾಗ ಮೋಟಾರಿನ ತಂತಿಯನ್ನು ಕಳಚುವುದು ಅಥವಾ ಸಿಕ್ಕಿಸುವುದು ಮಾತ್ರ ಕೂಡದು; ಆ ಒಂದು ಕ್ರಿಯೆಯಿಂದಲೇ ಡ್ರೈವರ್ ಸುಟ್ಟುಹೋಗಬಲ್ಲದು.

ಅರಿಶಿನ, ಬಾಳೆಯ ತೋಟಗಳ ನಡುವಿನ ಹಳ್ಳಿಗಳಲ್ಲಿ ಕೊಳವೆಬಾವಿಯ ಪಂಪುಗಳು ಒಟ್ಟಿಗೆ ಚಾಲೂ ಆಗುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವುದು ಪರಿಚಿತ ಸಂಗತಿ. ದೀಪ ಒಮ್ಮೆ ಮಂಕಾಗಿ ಮತ್ತೆ ಬೆಳಗುವಷ್ಟು ಸಣ್ಣ ಕುಸಿತದಲ್ಲಿ ಯುಎಸ್‌ಬಿಯಿಂದ ಜೀವ ಪಡೆಯುವ ನಿಯಂತ್ರಕ ಎಚ್ಚರವಾಗಿಯೇ ಇದ್ದು, ಮೋಟಾರುಗಳ ಪೂರೈಕೆ ಮಾತ್ರ ತಗ್ಗುವುದರಿಂದ, ಯಂತ್ರ ನಿಲ್ಲದೆಯೇ ಹೆಜ್ಜೆ ತಪ್ಪುತ್ತದೆ. ಕೆತ್ತನೆ ನಡೆಯುತ್ತಿರುವಾಗ 24 ವೋಲ್ಟಿನ ಪೂರೈಕೆಯನ್ನು ಮಲ್ಟಿಮೀಟರಿನಲ್ಲಿ ಗಮನಿಸಿ, ಅದು ಒಂದೆರಡು ವೋಲ್ಟಿಗಿಂತ ಹೆಚ್ಚು ಇಳಿಯುತ್ತಿದ್ದರೆ ಯಂತ್ರಕ್ಕೆ ಆನ್‌ಲೈನ್ ಯುಪಿಎಸ್ ಒದಗಿಸಬೇಕು ಅಥವಾ ದೀರ್ಘ ಕೆಲಸಗಳನ್ನು ಪಂಪುಗಳು ನಿಂತಿರುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಸ್ಪಿಂಡಲ್, ಧೂಳೆಳೆಯುವ ಯಂತ್ರ, ನಿಯಂತ್ರಕ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದು ಕುಸಿತವನ್ನೂ ಗದ್ದಲವನ್ನೂ ಹೆಚ್ಚಿಸುತ್ತದೆ. ಮಳೆಯಿಲ್ಲದ ಒಣ ತಿಂಗಳುಗಳಲ್ಲಿ ಧೂಳೆಳೆಯುವ ಪ್ಲಾಸ್ಟಿಕ್ ಕೊಳವೆಯೊಳಗೆ ಮರದ ಪುಡಿ ಉಜ್ಜಿ ಸ್ಥಿರವಿದ್ಯುತ್ ಕೂಡುವುದರಿಂದ, ಕೊಳವೆಯುದ್ದಕ್ಕೂ ಬರಿಯ ತಾಮ್ರದ ತಂತಿ ಸುತ್ತಿ ಅರ್ತಿಗೆ ಸೇರಿಸುವುದು ಅಗತ್ಯ. ಯುಎಸ್‌ಬಿ ಸಂಪರ್ಕ ಕಡಿದರೆ ಕೆಲಸ ನಿಂತುಹೋಗುತ್ತದೆಯೇ ಹೊರತು ಚಿತ್ರ ಸರಿಯುವುದಿಲ್ಲ ಎಂಬ ವ್ಯತ್ಯಾಸವನ್ನು ನೆನಪಿಟ್ಟರೆ ಒಂದು ತಪ್ಪು ಜಾಡು ತಪ್ಪುತ್ತದೆ.

ಇನ್ನು ಉಳಿದದ್ದು, ಎಲ್ಲ ಭಾಗಗಳೂ ಸರಿಯಿದ್ದರೂ ಉಬ್ಬು ಕೆತ್ತನೆಯಲ್ಲಿ ಮಾತ್ರ ಕಾಣುವ ನಿಧಾನದ ಓಲುವಿಕೆ. ಉಬ್ಬು ಚಿತ್ರಕ್ಕೆ ಬಿಟ್ಟು ಉಳುವ ನೇಗಿಲಿನಂತೆ ಸಾಲಿನ ಪಕ್ಕ ಸಾಲು ಹೋಗಿ ಬರುತ್ತದೆ. 300 ಮಿಲಿಮೀಟರ್ ಅಗಲದ ಹಲಗೆಯಲ್ಲಿ 0.3 ಮಿಲಿಮೀಟರ್ ಅಂತರದಂತೆ 1000 ಸಾಲುಗಳು, ಅಂದರೆ 500 ಸಲ ಹೋಗಿಬರುವ ಪಯಣ. ದಿಕ್ಕು ಬದಲಿಸುವ ಸೂಚನೆ ಡ್ರೈವರಿಗೆ ತಲುಪುವ ಮೊದಲೇ ಮೊದಲ ಸ್ಪಂದನ ತಲುಪಿದರೆ ಆ ಹೆಜ್ಜೆ ವ್ಯರ್ಥವಾಗುತ್ತದೆ. ಹೋಗಿಬರುವ ಪ್ರತಿ ಪಯಣಕ್ಕೆ ಒಂದೇ ಸ್ಪಂದನ ಕಳೆದರೂ, ಮಿಲಿಮೀಟರಿಗೆ 320 ಸ್ಪಂದನಗಳ ಯಂತ್ರದಲ್ಲಿ 500 ಪಯಣಗಳ ಕೊನೆಗೆ ಒಂದೂವರೆ ಮಿಲಿಮೀಟರ್ ತಪ್ಪು ಕೂಡಿರುತ್ತದೆ. ಟಿಬಿ6600ರಂತಹ ಪ್ರತ್ಯೇಕ ಡ್ರೈವರುಗಳನ್ನು ಜೋಡಿಸಿದ ಯಂತ್ರಗಳಲ್ಲಿ ಇದು ಕಾಣಿಸುತ್ತದೆ, ಮತ್ತು ಕಪ್ಲಿಂಗ್ ಬದಲಿಸಿ, ಮೋಟಾರ್ ಬದಲಿಸಿ ಸೋತವರು ಕೊನೆಗೆ ತಲುಪುವುದು ಇಲ್ಲಿಗೇ. ಜಿಆರ್‌ಬಿಎಲ್‌ನಲ್ಲಿ ಸ್ಪಂದನದ ಮಗ್ಗುಲನ್ನು ತಿರುವುಮರುವು ಮಾಡುವ $2ನ್ನು ಬದಲಿಸಿ, ಗಾಳಿಯಲ್ಲಿ ಕೆಲವು ನೂರು ಸಲ ಹಿಂದೆ ಮುಂದೆ ಓಡಿಸಿ ಡಯಲ್ ಗೇಜ್ ನೋಡಿದರೆ ಖಚಿತವಾಗುತ್ತದೆ. ಇದರ ನೆರೆಯ $1 ಕೂಡ ಗಮನಾರ್ಹ: ಅದು 25 ಇದ್ದರೆ ಯಂತ್ರ ನಿಂತ 25 ಮಿಲಿಸೆಕೆಂಡಿನ ನಂತರ ಮೋಟಾರುಗಳು ಹಿಡಿತ ಬಿಡುತ್ತವೆ, ಭಾರದ ಸ್ಪಿಂಡಲ್ ತನ್ನ ತೂಕಕ್ಕೇ ಕೆಳಗಿಳಿಯಬಹುದು, 255 ಮಾಡಿದರೆ ಹಿಡಿತ ಸದಾ ಉಳಿಯುತ್ತದೆ.

ಅಡಿಪಾಯ

ಅಲುಗುವ ಮೇಜಿನ ಮೇಲೆ ಕೂತ ಯಂತ್ರ ತಿರುಚಿಕೊಂಡು ರೈಲುಗಳು ಬಿಗಿಯುವುದೂ ಜಾರುವಿಕೆಗೆ ದಾರಿ. ಈ ವಿಷಯದಲ್ಲಿ ಚಾಮರಾಜನಗರದವರಿಗೆ ಅನೇಕ ಊರಿನವರಿಗಿಲ್ಲದ ಒಂದು ಅನುಕೂಲವಿದೆ. ಈ ಸೀಮೆಯ ಕರಿಕಲ್ಲು ದೇಶವಿದೇಶಗಳಿಗೆ ಹೋಗುವಂಥದ್ದು. ಅಳತೆಯ ಪ್ರಯೋಗಾಲಯಗಳಲ್ಲಿ ಸಮತಲದ ಆಧಾರವಾಗಿ ಬಳಸುವುದೂ ಇಂಥ ಗ್ರಾನೈಟನ್ನೇ. ಕಲ್ಲು ಕೊಯ್ಯುವಲ್ಲಿ ಮಿಕ್ಕ ಎರಡಡಿ–ಮೂರಡಿಯ, 20 ಮಿಲಿಮೀಟರ್ ದಪ್ಪದ ಪಾಲಿಶ್ ತುಂಡು ಮೂವತ್ತು ಕಿಲೋಗ್ರಾಂಗೂ ಮೀರಿ ತೂಗುತ್ತದೆ, ಮಳೆಗಾಲದ ತೇವಕ್ಕೆ ಪ್ಲೈವುಡ್ಡಿನಂತೆ ಬಾಗುವುದಿಲ್ಲ. ಅದರ ಅಡಿಗೆ ರಬ್ಬರಿನ ಹಾಸು ಹಾಕಿ, ಯಂತ್ರದ ನಾಲ್ಕು ಕಾಲೂ ಅಲುಗದಂತೆ ತೆಳು ತಗಡಿನ ಚೂರುಗಳಿಂದ ಹೊಂದಿಸಿ ಕೂರಿಸಿದರೆ ಚೌಕಟ್ಟಿನ ತಿರುಚು ಬಹುಮಟ್ಟಿಗೆ ತಪ್ಪುತ್ತದೆ.

ಕೆಟ್ಟ ಕೆಲಸವನ್ನು ಉಳಿಸಿಕೊಳ್ಳುವುದು

ದುಬಾರಿ ತೇಗದ ಹಲಗೆಯಲ್ಲಿ ನಡುವೆ ಜಾರಿದರೆ ಎಲ್ಲವೂ ಮುಗಿಯಿತೆಂದಲ್ಲ. ಕೆಲಸ ಆರಂಭಿಸುವಾಗಲೇ ಶೂನ್ಯ ಬಿಂದುವನ್ನು ಕೊನೆಗೆ ಕತ್ತರಿಸಿ ತೆಗೆಯುವ ಅಂಚಿನಲ್ಲಿ ಇಟ್ಟುಕೊಂಡು, ಅಲ್ಲಿ ವಿ-ಬಿಟ್ಟಿನಿಂದ ಸಣ್ಣ ಕುಳಿ ಮಾಡುವುದನ್ನು ರೂಢಿಸಿಕೊಂಡವರಿಗೆ ಮರಳುವ ದಾರಿ ಸುಲಭ. ದೋಷ ಕಂಡ ಕೂಡಲೇ ನಿಲ್ಲಿಸಿ, ಹಲಗೆಯನ್ನು ಕದಲಿಸದೆ, ಕಾರಣವನ್ನು ಸರಿಪಡಿಸಿ, ಅದೇ ವಿ-ಬಿಟ್ಟಿನ ತುದಿಯನ್ನು ಆ ಕುಳಿಗೆ ತಂದು ಎಕ್ಸ್, ವೈ ಶೂನ್ಯವನ್ನು ಮತ್ತೆ ನಿಗದಿಪಡಿಸಬೇಕು. ಕೆತ್ತುವ ಬಿಟ್ಟನ್ನು ಮತ್ತೆ ಸಿಕ್ಕಿಸಿದ ಮೇಲೆ ಝಡ್ ಶೂನ್ಯವನ್ನು ಕೆತ್ತನೆಯಾಗದ ಮೇಲ್ಮೈಯಲ್ಲಿ ಹೊಸದಾಗಿ ಹಿಡಿಯಬೇಕು. ಜಿ-ಕೋಡ್ ಕಡತದಲ್ಲಿ ಆರಂಭದ ಆಜ್ಞೆಗಳನ್ನು, ಅಂದರೆ ಮಿಲಿಮೀಟರ್ ಅಳತೆ ಹೇಳುವ ಜಿ21, ಶೂನ್ಯದಿಂದಲೇ ಎಣಿಸಬೇಕೆನ್ನುವ ಜಿ90 ಮತ್ತು ಸ್ಪಿಂಡಲ್ ಚಾಲೂ ಮಾಡುವ ಸಾಲನ್ನು ಉಳಿಸಿ, ಜಾರಿದ ಜಾಗಕ್ಕಿಂತ ನಾಲ್ಕೈದು ಮಿಲಿಮೀಟರ್ ಹಿಂದಿನ ಸಾಲಿನವರೆಗೆ ಮುಗಿದ ಆಜ್ಞೆಗಳನ್ನು ಅಳಿಸಿ, ಮೊದಲ ಚಲನೆಗೆ ಮುನ್ನ ಬಿಟ್ಟು ಹಲಗೆಯಿಂದ ಸಾಕಷ್ಟು ಮೇಲೆದ್ದಿರುವಂತೆ ಒಂದು ಸಾಲು ಸೇರಿಸಿ ಓಡಿಸಬೇಕು. ಅಂಚಿನಲ್ಲಿ ಉಳಿಯುವ ಅರ್ಧ ಮಿಲಿಮೀಟರಿನೊಳಗಿನ ಮೆಟ್ಟಿಲನ್ನು ಚೂಪಾದ ಉಳಿಯಿಂದ ಎಳೆಯ ದಿಕ್ಕಿನಲ್ಲಿ ಹೆರೆದು ತೆಗೆಯಬಹುದು. ತಪ್ಪು ಅದಕ್ಕಿಂತ ದೊಡ್ಡದಾಗಿದ್ದು ಹಲಗೆಯ ದಪ್ಪ ಒಪ್ಪುವುದಾದರೆ, ಮುಖವನ್ನೆಲ್ಲ ಕೆತ್ತನೆಯ ಆಳದಷ್ಟು ಹೆರೆಸಿ, ಝಡ್ ಶೂನ್ಯವನ್ನು ಹೊಸ ಮೇಲ್ಮೈಗೆ ಇಳಿಸಿ, ಅದೇ ಕಡತವನ್ನು ಮೊದಲಿನಿಂದ ಓಡಿಸಬೇಕಾಗುತ್ತದೆ.